ಗಾಯ ಎಲ್ಲರದು, ಹೊಣೆ ನನ್ನೊಬ್ಬಳದೇ? – ಓದುಗರ ಸ್ಪಂದನ

ಪ್ರಕಟವಾಗಿದ್ದ ಸಮಸ್ಯೆ: ನಮ್ಮದು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ (ಒಂದೊಂದು ಪಾತ್ರವಾಗಿ ದಾಳ ಉರುಳಿಸಿ ಆಡುವ ಕಥೆಯಾಟ) ಆಡುವ ಐದು ಜನರ ಗುಂಪು. ಕ್ಲೆರಿಕ್ (ಮಂತ್ರದಿಂದ ಗಾಯ ವಾಸಿಮಾಡುವ ಪುರೋಹಿತನ ಪಾತ್ರ) ಆಗಲು ಯಾರೂ ಒಪ್ಪದೆ, ಕೊನೆಗೆ ಸೇರಿದ ನನ್ನ ತಲೆಗೆ ಕಟ್ಟಿದರು. ನನ್ನ ಟರ್ನ್ ಬಂತೆಂದರೆ ಸಾಕು, ‘ನಂಗೆ ಹೀಲ್ ಹಾಕು’ ಅಂತ ಮೂರು ದನಿ ಒಟ್ಟಿಗೆ ಏಳುತ್ತವೆ. ಬೇರೇನಾದರೂ ಮಾಡಿದರೆ ಮುಖ ಸಿಂಡರಿಸುತ್ತಾರೆ. ಮೊನ್ನೆ ರೋಗ್ (ಗುಂಪಿನ ಕಳ್ಳನ ಪಾತ್ರ) ಸತ್ತಾಗ ತಪ್ಪೆಲ್ಲ ನನ್ನದೇ ಆಯಿತು. ಪಾತ್ರ ಬದಲಿಸಲೇ, ಗುಂಪನ್ನೇ ಬಿಡಲೇ?

*

ಮೊದಲು ಲೆಕ್ಕ ನೋಡೋಣ, ಸಿಟ್ಟು ಆಮೇಲೆ. ನೀವು ಆಡುತ್ತಿರುವುದು 2014ರ ಐದನೇ ಆವೃತ್ತಿ ಎಂದುಕೊಂಡು ಬರೆಯುತ್ತಿದ್ದೇನೆ. ಅದರಲ್ಲಿ ಮೊದಲ ಲೆವೆಲ್ಲಿನ ಕ್ಯೂರ್ ವೂಂಡ್ಸ್ ಮಂತ್ರ ಕೊಡುವುದು ಎಂಟು ಮುಖದ ಒಂದು ದಾಳ, ಜೊತೆಗೆ ನಿಮ್ಮ ವಿಸ್ಡಮ್ ಮಾಡಿಫೈಯರ್ (ಪಾತ್ರದ ವಿವೇಕಕ್ಕೆ ಸಿಗುವ ಹೆಚ್ಚುವರಿ ಅಂಕ). ಅದು 3 ಇದ್ದರೆ ಸರಾಸರಿ ಏಳೂವರೆ ಎಚ್‌ಪಿ (ಪಾತ್ರದ ಪ್ರಾಣಬಲದ ಅಂಕ). ಎದುರಿನ ಓಗರ್‌ನ (ದೈತ್ಯನ) ಗದೆ ಒಮ್ಮೆ ತಾಗಿದರೆ ಸರಾಸರಿ 13. ಇಡೀ ಆ್ಯಕ್ಷನ್ (ಟರ್ನಿನ ಮುಖ್ಯ ಕೆಲಸ) ಖರ್ಚು ಮಾಡಿ, ಹತ್ತಿರ ಹೋಗಿ ಮುಟ್ಟಿ, ಒಂದು ಸ್ಲಾಟ್ (ಮಂತ್ರ ಹಾಕುವ ಅವಕಾಶ) ಕಳೆದು ನೀವು ತುಂಬಿದ್ದನ್ನು ಅದು ಒಂದೇ ಏಟಿಗೆ ಅಳಿಸಿ ಮೇಲಷ್ಟು ಕಿತ್ತುಕೊಳ್ಳುತ್ತದೆ. ಈ ಪೈಪೋಟಿಯಲ್ಲಿ ಹೀಲರ್ ಗೆಲ್ಲುವುದಿಲ್ಲ. ಇನ್ನೊಂದು ಸಂಗತಿ: ಈ ಆಟದಲ್ಲಿ 1 ಎಚ್‌ಪಿ ಉಳಿದವನೂ 40 ಇದ್ದವನಷ್ಟೇ ಜೋರಾಗಿ ಕತ್ತಿ ಬೀಸುತ್ತಾನೆ. ಹಾಗಾಗಿ ನಡುಕಾಳಗದಲ್ಲಿ ಅರ್ಧ ಗಾಯಗೊಂಡವರನ್ನು ತುಂಬಿಸುತ್ತ ಕೂರುವ ಬದಲು ಬಿದ್ದವರನ್ನು ಎಬ್ಬಿಸಿ. ಹೀಲಿಂಗ್ ವರ್ಡ್ ಮಂತ್ರ ಇರುವುದೇ ಅದಕ್ಕೆ: 60 ಅಡಿ ದೂರದಿಂದ, ಬರೀ ಬೋನಸ್ ಆ್ಯಕ್ಷನ್‌ನಲ್ಲಿ (ಅದೇ ಟರ್ನಿನ ಕಿರು ಹೆಚ್ಚುವರಿ ಕೆಲಸ). ಸಿಗುವುದು ನಾಲ್ಕು ಮುಖದ ದಾಳ, ಅದರ ಮೇಲೆ ಅದೇ ಮಾಡಿಫೈಯರ್. ಇರಲಿ ಬಿಡಿ, ಆ್ಯಕ್ಷನ್ ಕೈಯಲ್ಲೇ ಉಳಿಯಿತಲ್ಲ! ಮೇಸ್ (ಗದೆ) ಬೀಸಿ, ಇಲ್ಲವೇ ಸೇಕ್ರೆಡ್ ಫ್ಲೇಮ್ ಎಂಬ ದಾಳಿಯ ಮಂತ್ರ ಹಾಕಿ.

ಸರದಿಯನ್ನೂ ನೋಡಿಕೊಳ್ಳಿ. ರೋಗ್ ಬಿದ್ದಿದ್ದಾನೆ, ಈಗ ನಿಮ್ಮ ಟರ್ನ್, ಆಮೇಲೆ ಓಗರ್, ಅದಾದ ಮೇಲೆ ರೋಗ್. ಈಗ ಎಬ್ಬಿಸಿದರೆ ಅವನು ಕತ್ತಿ ಎತ್ತುವ ಮೊದಲೇ ಓಗರ್ ಮತ್ತೆ ಮಲಗಿಸಬಹುದು. ಎಬ್ಬಿಸದಿದ್ದರೆ ಇನ್ನೂ ಕಷ್ಟ: ಪ್ರಜ್ಞೆ ತಪ್ಪಿದವನಿಗೆ 5 ಅಡಿಯೊಳಗಿಂದ ತಾಗಿದ ಏಟು ಕ್ರಿಟಿಕಲ್, ಒಂದೇ ಸಲಕ್ಕೆ ಎರಡು ಡೆತ್ ಸೇವ್ (ಸಾವು ತಪ್ಪಿಸಿಕೊಳ್ಳಲು ಉರುಳಿಸುವ ದಾಳ) ಫೇಲ್. ಅಲ್ಲಿ ಬೇಕಿರುವುದು ಓಗರ್‌ನನ್ನು ಆಚೆ ಎಳೆಯುವವರು. ಅದು ಫೈಟರ್ ಕೆಲಸ, ನಿಮ್ಮದಲ್ಲ.

ಕಾಳಗ ಶುರುವಾದ ಮೊದಲ ಸುತ್ತಿನಲ್ಲೇ ಬ್ಲೆಸ್ ಮಂತ್ರ ಹಾಕಿ. ಮೂವರಿಗೆ ಪ್ರತಿ ಅಟ್ಯಾಕ್‌ಗೂ ಪ್ರತಿ ಸೇವ್‌ಗೂ ಒಂದು ಡಿ4 (ನಾಲ್ಕು ಮುಖದ ದಾಳ) ಹೆಚ್ಚಿಗೆ. ಬೇಗ ಸತ್ತ ಓಗರ್ ಮಾಡದೇ ಹೋದ ಗಾಯವನ್ನು ಯಾರೂ ಎಣಿಸುವುದಿಲ್ಲ, ಅದೇ ನಿಮ್ಮ ಗ್ರಹಚಾರ. (2024ರ ಪರಿಷ್ಕೃತ ನಿಯಮದಲ್ಲಿ ಎರಡೂ ಹೀಲ್‌ಗಳ ದಾಳ ದುಪ್ಪಟ್ಟಾಗಿದೆ. ಅದನ್ನು ಆಡುವವರಾದರೆ ನನ್ನ ಲೆಕ್ಕವನ್ನು ಸ್ವಲ್ಪ ಸಡಿಲಿಸಿಕೊಳ್ಳಿ.)

– ಲೆಕ್ಕ ಬಿಡದ ಓದುಗ

*

ನಾನು ಡಿಎಂ (ಡಂಜನ್ ಮಾಸ್ಟರ್, ಅಂದರೆ ಆಟ ನಡೆಸುವವರು) ಪರದೆಯ ಹಿಂದೆ ಕೂರುವವಳು. ರೋಗ್ ಸತ್ತದ್ದು ನಿಮ್ಮಿಂದ ಅಂದರಂತೆ, ನಗು ಬಂತು. ಒಂದೇ ಭಾರೀ ಏಟಿಗೆ ಪ್ರಾಣ ಹೋಗದಿದ್ದರೆ ಸೊನ್ನೆಗೆ ಇಳಿದವನು ಸಾಯಲು ಮೂರು ಸೇವ್ ತಪ್ಪಬೇಕು. ಅಷ್ಟರಲ್ಲಿ ಪಾರ್ಟಿಯ ಯಾರು ಬೇಕಾದರೂ ಪಕ್ಕಕ್ಕೆ ಹೋಗಿ ಮೆಡಿಸಿನ್ ಚೆಕ್ (ಶುಶ್ರೂಷೆಗಾಗಿ ಉರುಳಿಸುವ ದಾಳ) ಮಾಡಬಹುದು, 10 ಬಿದ್ದರೆ ಸಾಕು. ಹೀಲರ್ಸ್ ಕಿಟ್ ಇದ್ದರೆ ದಾಳ ಉರುಳಿಸುವ ಪ್ರಮೇಯವೂ ಇಲ್ಲ. 5 ಚಿನ್ನದ ನಾಣ್ಯಕ್ಕೆ ಹತ್ತು ಸಲ ಬಳಸುವ ಕಿಟ್! ಪೋಶನ್ (ಗಾಯ ವಾಸಿಮಾಡುವ ಮದ್ದು) ಬೇಕೆಂದರೆ 50 ನಾಣ್ಯ. ಮುಂದಿನ ಸೆಷನ್‌ನಲ್ಲಿ ನಿಮ್ಮ ಫೈಟರ್‌ನ ಚೀಲದಲ್ಲಿ ಏನೇನಿದೆ ಅಂತ ಗಟ್ಟಿಯಾಗಿ ಓದಿಸಿ. ಹಗ್ಗ, ಪಂಜು, ಎರಡನೇ ಕೊಡಲಿ ಇರುತ್ತದೆ; ಪೋಶನ್ ಇರುವುದಿಲ್ಲ, ಪಂಥ.

ನಿಮ್ಮ ಡಿಎಂಗೂ ಒಂದು ಮಾತು. ಗಂಟೆಯ ಶಾರ್ಟ್ ರೆಸ್ಟ್‌ಗೆ ಅವಕಾಶ ಕೊಡಿ. ಹಿಟ್ ಡೈಸ್ (ವಿಶ್ರಾಂತಿಯಲ್ಲಿ ಎಚ್‌ಪಿ ಮರಳಿಸುವ ದಾಳಗಳು) ಇರುವುದು ಪ್ರತಿಯೊಬ್ಬರೂ ತಮ್ಮ ಗಾಯ ತಾವೇ ನೋಡಿಕೊಳ್ಳಲಿ ಅಂತ. ಉಸಿರಾಡಲು ಬಿಡದೆ ಕಾಳಗದ ಮೇಲೆ ಕಾಳಗ ತಂದರೆ ಆ ಹೊರೆಯೆಲ್ಲ ಕ್ಲೆರಿಕ್‌ನ ಸ್ಲಾಟ್‌ಗಳ ಮೇಲೆಯೇ ಬೀಳುತ್ತದೆ.

– ಪರದೆಯ ಹಿಂದಿನವಳು

*

ಇದು ನಿನ್ನೆ ಮೊನ್ನೆಯ ಗೋಳಲ್ಲ. 1974ರ ಮೊದಲ ನಿಯಮಗಳಲ್ಲಿದ್ದ ಮೂರೇ ವರ್ಗಗಳಲ್ಲಿ ಕ್ಲೆರಿಕ್ ಒಂದು. ಮೊದಲ ಲೆವೆಲ್‌ನಲ್ಲಿ ಅವನ ಬಳಿ ಒಂದು ಸ್ಪೆಲ್ಲೂ (ಮಂತ್ರವೂ) ಇರಲಿಲ್ಲ! ಗಾಯವಾಗದಂತೆ ಆಡಬೇಕು, ಅದು ಕೈಲಾಗದಿದ್ದರೆ ಕಾಲಿಗೆ ಬುದ್ಧಿ ಹೇಳಬೇಕು. 2000ದ ಮೂರನೇ ಆವೃತ್ತಿ, ಕ್ಲೆರಿಕ್ ಪಾಪ, ಬೇರೆ ಸ್ಪೆಲ್‌ಗಳನ್ನೂ ತಯಾರಿಟ್ಟುಕೊಳ್ಳಲಿ ಅಂತ ಒಂದು ಸೌಲಭ್ಯ ಕೊಟ್ಟಿತು: ತಯಾರಿಟ್ಟ ಸ್ಪೆಲ್ಲನ್ನು ಬೇಕಾದಾಗ ಕ್ಯೂರ್ ಆಗಿ ಬದಲಿಸಿಕೊಳ್ಳಬಹುದು. ಆಗಿದ್ದೇನು? ‘ಹಾಗಾದರೆ ನಿನ್ನ ಎಲ್ಲ ಸ್ಪೆಲ್ಲೂ ನಮ್ಮದೇ’ ಅಂದರು ಟೇಬಲ್ಲಿನವರು. ನನ್ನ ಪ್ರಕಾರ ಈ ವಿಷಯಕ್ಕೆ ಸರಿಯಾಗಿ ತಲೆ ಕೊಟ್ಟದ್ದು 2008ರ ನಾಲ್ಕನೇ ಆವೃತ್ತಿ, ಅದನ್ನು ಬೈಯುವವರು ಬೈಯಲಿ. ಅದರಲ್ಲಿ ಹೀಲಿಂಗ್ ವರ್ಡ್ ಬರೀ ಮೈನರ್ ಆ್ಯಕ್ಷನ್ (ಟರ್ನಿನ ಸಣ್ಣ ಕೆಲಸ). ವಾಸಿಯಾಗಲು ಖರ್ಚಾಗುವುದು ಗಾಯಗೊಂಡವನದೇ ಹೀಲಿಂಗ್ ಸರ್ಜ್ (ಅವನ ಚೇತರಿಕೆಯ ಮೀಸಲು). ಕ್ಲೆರಿಕ್ ಹೊಡೆಯುತ್ತಲೇ ಎಬ್ಬಿಸುತ್ತಿದ್ದ.

– ಹಳೇ ಆಟಗಾರ

*

ಲೆಕ್ಕ ಹಾಕುವವರು ಏನು ಬರೆಯುತ್ತಾರೆಂದು ಈಗಾಗಲೇ ಊಹಿಸಬಲ್ಲೆ, ಒಪ್ಪುವುದಿಲ್ಲ. ನಾನು ಲೈಫ್ ಡೊಮೇನ್ ಕ್ಲೆರಿಕ್ (ವಾಸಿಮಾಡುವುದರಲ್ಲೇ ಪಳಗಿದ ಬಗೆ) ಆಡುತ್ತೇನೆ, ಬೇಕಂತಲೇ. ಯಾರು ಏಳಬೇಕು, ಯಾರು ಇನ್ನೊಂದು ಸುತ್ತು ಕಾಯಬೇಕು ಎಂದು ತೀರ್ಮಾನಿಸುವವಳು ನಾನು. ಅದಕ್ಕಿಂತ ದೊಡ್ಡ ಅಧಿಕಾರ ಆ ಟೇಬಲ್ಲಿನಲ್ಲಿ ಯಾರಿಗಿದೆ? ‘ಹೀಲ್ ಹಾಕು’ ಅಂದವನಿಗೆ ‘ಮೊದಲು ಆ ಬಾಗಿಲಿಂದ ಈಚೆ ಬಾ’ ಅನ್ನಿ. ಬರದಿದ್ದರೆ ಹಾಕಬೇಡಿ. ಎರಡು ಸೆಷನ್‌ನಲ್ಲಿ ದಾರಿಗೆ ಬರುತ್ತಾರೆ.

– ಇಷ್ಟಪಟ್ಟೇ ಹೀಲರ್ ಆದವಳು

*

ನಿಮಗೆ ಯಾವ ಪಾತ್ರ ಆಡುವ ಆಸೆಯಿತ್ತು ಅಂತ ಬರೆದೇ ಇಲ್ಲ. ಅದನ್ನೇ ಆಡಿ. ಉಳಿದವರಿಗೆ ಹೀಲಿಂಗ್ ಬೇಕಾದರೆ ಅವರೇ ಹಂಚಿಕೊಳ್ಳಲಿ: ಒಬ್ಬರು ಬಾರ್ಡ್ ಅಥವಾ ಡ್ರೂಯಿಡ್ ಆದರೆ ಹೀಲಿಂಗ್ ವರ್ಡ್ ಸಿಗುತ್ತದೆ, ಪ್ಯಾಲಡಿನ್ ಆದರೆ ಲೇ ಆನ್ ಹ್ಯಾಂಡ್ಸ್ (ಮುಟ್ಟಿ ವಾಸಿಮಾಡುವ ಶಕ್ತಿ), ಲೆವೆಲ್ಲಿಗೆ ಐದು ಎಚ್‌ಪಿಯಂತೆ. ಮಂತ್ರವೇ ಬೇಡ ಅನ್ನುವವರು ಪಾತ್‌ಫೈಂಡರ್ ಎಂಬ ಇನ್ನೊಂದು ಆಟದ ಎರಡನೇ ಆವೃತ್ತಿ ನೋಡಲಿ. ಮೆಡಿಸಿನ್ ಕಲಿತ ಯಾರೇ ಆದರೂ ಹತ್ತು ನಿಮಿಷ ಕೂತು ಗಾಯ ಕಟ್ಟಬಹುದು.

ಇದನ್ನೆಲ್ಲ ಆಟದ ನಡುವೆ ಎತ್ತಬೇಡಿ, ಶುರುವಾಗುವ ಮೊದಲೇ ಹೇಳಿ. ಹೇಳಿದ ಮೇಲೂ ಮುಂದಿನ ಸಾವಿಗೆ ನಿಮ್ಮನ್ನೇ ದೂರಿದರೆ ಗುಂಪು ಬಿಡಿ. ಹೀಲರ್ ಆಡಿ ಅನುಭವ ಇರುವವರನ್ನು ಬೇರೆ ಗುಂಪುಗಳು ಕರೆದು ಕೂರಿಸಿಕೊಳ್ಳುತ್ತವೆ. ಬೇಕಿದ್ದರೆ ‘ನಾನು ಬಾರ್ಬೇರಿಯನ್’ (ಹೊಡೆದಾಡುವ ಪಾತ್ರ) ಅಂತ ಮೊದಲೇ ಹೇಳಿಬಿಡಿ.

– ಇನ್ನೊಬ್ಬ ಓದುಗ