ರೋಸ್‌ಮೇರಿ ಮತ್ತೆ ಚಳಿಗೆ ಸಾಯ್ತಿದೆ, ಇದು ಮೂರನೇ ಗಿಡ. ಯಾರಾದರೂ ದಾರಿ ಹೇಳಿ

ಚಿಕ್ಕಬಳ್ಳಾಪುರ ತಾರಸಿ: ಸಾಕಾಗಿ ಹೋಗಿದೆ. ಡಿಸೆಂಬರ್ ಬಂತು ಅಂದರೆ ಗಿಡ ಹೋಯಿತು ಅಂತಲೇ ಲೆಕ್ಕ. ಬುಡದ ಎಲೆ ಕಪ್ಪಾಗಿವೆ, ತುದಿ ಜೋಲು ಬಿದ್ದಿದೆ, ಮುಟ್ಟಿದರೆ ಉದುರುತ್ತವೆ. ನಂದಿ ಬೆಟ್ಟದ ಕಡೆಯ ಗಾಳಿ ನೇರವಾಗಿ ನಮ್ಮ ತಾರಸಿಗೇ ಬೀಸುತ್ತದೆ. ರಾತ್ರಿ ಗೋಣಿಚೀಲ ಹೊದಿಸುತ್ತೇನೆ. ನೀರು, ಗೊಬ್ಬರ ಎಲ್ಲಾ ಸರಿಯಾಗೇ ಇದೆ. ಚಳಿ ತಡೆಯಲು ಇನ್ನೇನು ಮಾಡಲಿ?

ದ್ರಾಕ್ಷಿ ತೋಟ: ಇದು ಬೂದಿ ರೋಗ ಸಾರ್. ಎಲೆಯ ಅಡಿ ಬಿಳಿ ಇದೆಯಾ ನೋಡಿ.

ಚಿಕ್ಕಬಳ್ಳಾಪುರ ತಾರಸಿ: ಹೌದು, ಎಲ್ಲಾ ಎಲೆಯ ಅಡಿಯೂ ಬೆಳ್ಳಗಿದೆ!

ದ್ರಾಕ್ಷಿ ತೋಟ: ಹೇಳಿದೆನಲ್ಲಾ. ನೀರಲ್ಲಿ ಕರಗುವ ಗಂಧಕ, ಲೀಟರಿಗೆ 2 ಗ್ರಾಂ. ಸಂಜೆ ಹೊಡೆಯಿರಿ.

ತುಮಕೂರು ಕೈತೋಟ: ಹೊಡೆಯಬೇಡಿ, ಸ್ವಲ್ಪ ತಾಳಿ. ರೋಸ್‌ಮೇರಿ ಎಲೆಯ ಅಡಿ ಹುಟ್ಟಿನಿಂದಲೇ ಬಿಳಿ, ಅದು ಸಣ್ಣ ರೋಮ. ಉಗುರಲ್ಲಿ ಉಜ್ಜಿ. ಬೂದಿ ರೋಗವಾದರೆ ಪುಡಿ ಬೆರಳಿಗೆ ಹತ್ತುತ್ತದೆ, ಎಲೆಯ ಮೇಲ್ಭಾಗದಲ್ಲೂ ಕಾಣುತ್ತದೆ.

ಚಳಿಯೂ ಕಾರಣ ಅಲ್ಲ. ಇದು ಮೆಡಿಟರೇನಿಯನ್ ಕಡಲ ದಂಡೆಯ ಗಿಡ. ಬೇರಿನ ಸುತ್ತ ಮಣ್ಣು ಒದ್ದೆಯಾಗಿರದಿದ್ದರೆ ಸೊನ್ನೆಗಿಂತ ಸ್ವಲ್ಪ ಕೆಳಗಿನ ಚಳಿಯನ್ನೂ ತಡೆಯುತ್ತದೆ. ನಿಮ್ಮೂರ ಚಳಿ ಅಷ್ಟಕ್ಕೆ ಹೋಗುವುದೇ ಇಲ್ಲ. ಯಾವ ಕುಂಡ? ಒಳಗೆ ಏನು ತುಂಬಿದ್ದೀರಿ? ನೀರು ಎಷ್ಟು ದಿನಕ್ಕೊಮ್ಮೆ?

ಚಿಕ್ಕಬಳ್ಳಾಪುರ ತಾರಸಿ: 20 ಲೀಟರ್ ಪೇಂಟ್ ಬಕೆಟ್. ಅರ್ಧ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಅರ್ಧ ಎರೆಗೊಬ್ಬರ. ತಳದಲ್ಲಿ ಒಂದು ತೂತು, ತಾರಸಿ ಕಲೆಯಾಗಬಾರದು ಅಂತ ಕೆಳಗೆ ತಟ್ಟೆ. ದಿನಾ ಬೆಳಿಗ್ಗೆ ತುಳಸಿಗೆ ಹಾಕುವಾಗ ಇದಕ್ಕೂ ಒಂದು ಚೊಂಬು ನೀರು.

ತುಮಕೂರು ಕೈತೋಟ: ಇದನ್ನು ಮೊದಲೇ ಹೇಳಬೇಕಿತ್ತು ಅಲ್ವಾ! ಬೇಸಿಗೆಯಲ್ಲಿ ಆ ಚೊಂಬು ನೀರು ಬಿಸಿಲಿಗೆ ಆರಿಹೋಗುತ್ತದೆ. ಈಗ ಆರಲ್ಲ, ಕೋಕೋಪೀಟ್ ಹಿಡಿದಿಟ್ಟುಕೊಳ್ಳುತ್ತದೆ. ಅವರೆಕಾಯಿಗೆ ಸೊಗಡು ತರುವ ಇಬ್ಬನಿ ಇದಕ್ಕೆ ಆಗಿಬರಲ್ಲ. ಅದರ ಮೇಲೆ ಒದ್ದೆ ಗೋಣಿ ಹೊದಿಸಿದರೆ ಗಾಳಿಯೂ ಆಡಲ್ಲ. ಬೇರು ಕೊಳೆತಿದೆ.

ತಿಪಟೂರು ತೆಂಗು: ಕೋಕೋಪೀಟನ್ನು ಸುಮ್ನೆ ಬೈಯಬೇಡಿ. ತೊಳೆಯದ ಪುಡಿಯಲ್ಲಿ ಉಪ್ಪು ಜಾಸ್ತಿ, ತಪ್ಪು ಅಲ್ಲಿದೆ. ನಾನು 40 ಗ್ರೋ ಬ್ಯಾಗಲ್ಲಿ ಬರೀ ಕೋಕೋಪೀಟ್ ಹಾಕಿ ಟೊಮೆಟೊ ಬೆಳೆದಿದ್ದೇನೆ. ಡ್ರಿಪ್, ಟೈಮರ್ ಎಲ್ಲಾ ನಾನೇ ಜೋಡಿಸಿದ್ದು. ಫೋಟೋ ಹಾಕಲಾ?

ತುಮಕೂರು ಕೈತೋಟ: ಟೊಮೆಟೊಗೆ ಸರಿ, ಒಪ್ಪುತ್ತೇನೆ. ರೋಸ್‌ಮೇರಿಗೆ ಬೇಡ. ಇದಕ್ಕೆ ಕೆಂಪು ಮಣ್ಣು, ದಪ್ಪ ಮರಳು, ಇಟ್ಟಿಗೆ ಚೂರು ಸಾಕು. ಗೊಬ್ಬರ ಒಂದು ಹಿಡಿ.

ದ್ರಾಕ್ಷಿ ತೋಟ: ಮಂಜು ಬೀಳುವ ಕಾಲದಲ್ಲಿ ಬೂದಿ ರೋಗ ಬರುವುದು ನಿಜ. ಎಲೆಯ ಮೇಲ್ಭಾಗದ ಫೋಟೋ ನೋಡದೆ ನಾನು ಒಪ್ಪಲ್ಲ.

ಚಿಕ್ಕಬಳ್ಳಾಪುರ ತಾರಸಿ: ಉಜ್ಜಿ ನೋಡಿದೆ, ಪುಡಿ ಬರಲಿಲ್ಲ. ಆಮೇಲೆ ಬಕೆಟ್ ಬೋರಲು ಹಾಕಿದೆ. ಮೇಲೆ ಒಣಗಿದ ಹಾಗಿತ್ತು, ತಳದಲ್ಲಿ ಹಿಂಡಿದರೆ ನೀರು ಸುರಿಯಿತು. ಕೊಳೆತ ವಾಸನೆ. ಬೇರು ಹಿಡಿದು ಎಳೆದರೆ ಕಂದು ಸಿಪ್ಪೆ ಕೈಗೆ ಬಂತು, ಒಳಗೆ ದಾರದಂಥ ಎಳೆ ಮಾತ್ರ ಉಳಿಯಿತು. ನೋಡಿ ಸಂಕಟವಾಯಿತು. ಮೂರೂ ಗಿಡಗಳನ್ನು ನಾನೇ ಮುಳುಗಿಸಿದ್ದೇನೆ.

ತುದಿಯಲ್ಲಿ ನಾಲ್ಕು ಹಸಿರು ಕುಡಿ ಉಳಿದಿವೆ. ಬದುಕುತ್ತವಾ?

ತುಮಕೂರು ಕೈತೋಟ: ಈಗಲೇ ಕತ್ತರಿಸಿ. ನಾಲ್ಕು ಇಂಚು ಇರಲಿ, ಕೆಳಗಿನ ಅರ್ಧ ಎಲೆ ಸವರಿ, ತೊಳೆದ ಮರಳಲ್ಲಿ ನೆಡಿ. ಮಣ್ಣಿನ ಕುಂಡವೇ ಆಗಲಿ, ತಟ್ಟೆ ಬೇಡ. ಬೇರು ಬರುವವರೆಗೆ ನೆರಳು, ಮರಳಿಗೆ ತೇವ ಇದ್ದರೆ ಸಾಕು. ಎಳೆದು ನೋಡಬೇಡಿ.

ಚಿಕ್ಕಬಳ್ಳಾಪುರ ತಾರಸಿ: ನೆಟ್ಟೆ. ಮೂರು ವಾರವಾಯಿತು. ಎರಡು ಕಪ್ಪಾದವು, ಒಂದು ಹಾಗೇ ನಿಂತಿದೆ, ಇನ್ನೊಂದರ ತುದಿಯಲ್ಲಿ ಅಕ್ಕಿಕಾಳಷ್ಟು ಹೊಸ ಚಿಗುರು ಕಂಡಿದೆ. ಇದನ್ನು ಬಿಸಿಲಿಗೆ ಯಾವಾಗ ಇಡಲಿ?

ತಿಪಟೂರು ತೆಂಗು: ಟೈಮರ್ ಬಗ್ಗೆ ಮೆಸೇಜಲ್ಲಿ ಕೇಳಿದವರಿಗೆಲ್ಲಾ ಫೋಟೋ ಕಳಿಸಿದ್ದೇನೆ, ನೋಡಿ.