ಸಹಾಯ ಬೇಕು: ವಿಎಂ ಒಳಗೆ ನೆಟ್‌ವರ್ಕ್ ನಿಧಾನ, ಟೈಮರ್ ಮೇಲೆ ಅನುಮಾನ

ಎಲ್ಲರಿಗೂ ನಮಸ್ಕಾರ. ಕೆವಿಎಂ (ಲಿನಕ್ಸ್ ಕರ್ನಲ್‌ನ ವರ್ಚುವಲೈಸೇಶನ್) ಮೇಲೆ ಓಡುವ ಒಂದು ಲಿನಕ್ಸ್ ವಿಎಂ (ವರ್ಚುವಲ್ ಮಷೀನ್) ತಲೆ ತಿನ್ನುತ್ತಿದೆ. ಬೇರೆ ಹೋಸ್ಟ್‌ಗೆ, ಅಂದರೆ ವಿಎಂಗಳನ್ನು ಓಡಿಸುವ ಇನ್ನೊಂದು ಸರ್ವರ್‌ಗೆ, ಲೈವ್ ಮೈಗ್ರೇಟ್ ಮಾಡಿದ (ಓಡುತ್ತಿರುವಾಗಲೇ ಸಾಗಿಸಿದ) ಮೇಲೆ ನೆಟ್‌ವರ್ಕ್ ವೇಗ ಅರ್ಧಕ್ಕಿಂತ ಕೆಳಗೆ ಬಿದ್ದಿದೆ. ಅದೇ ಹೋಸ್ಟ್‌ನ ಪಕ್ಕದ ವಿಎಂ ಆರಾಮಾಗಿದೆ. ಹಾಗಾಗಿ ಕೇಬಲ್, ಸ್ವಿಚ್ ನೋಡಿ ಅನ್ನಬೇಡಿ, ಪ್ಲೀಸ್. ಪ್ಯಾಕೆಟ್ ಡ್ರಾಪ್ ಇಲ್ಲ, ಸ್ಟೀಲ್ ಟೈಮ್ (ಹೋಸ್ಟ್ ಸಿಪಿಯು ಕೊಡದೆ ವಿಎಂ ಕಾದ ಸಮಯ) ಕೂಡ ಸೊನ್ನೆ ಹತ್ತಿರ.

ಕರ್ನಲ್ ಲಾಗ್‌ನಲ್ಲಿ ಸಿಕ್ಕಿದ್ದು ಇದು: ಟಿಎಸ್‌ಸಿ (ಸಿಪಿಯು ಒಳಗಿನ ಟೈಮ್ ಕೌಂಟರ್) ನಂಬುವ ಹಾಗಿಲ್ಲ ಅಂತ ಗುರುತು ಹಾಕಿ, ಕರ್ನಲ್ ಎಸಿಪಿಐ ಪಿಎಂ ಟೈಮರ್‌ಗೆ (ಸಿಪಿಯು ಹೊರಗಿನ ನಿಧಾನ ಟೈಮರ್) ಹಾರಿದೆ. ಸಿಪಿಯು ಸಮಯ ಎಲ್ಲಿ ಹೋಗುತ್ತಿದೆ ಅಂತ ತೋರಿಸುವ ಪರ್ಫ್ ಟಾಪ್‌ನಲ್ಲೂ ಆ ಟೈಮರ್ ಓದುವ ಫಂಕ್ಷನ್ನೇ ಮೇಲೆ ಕೂತಿದೆ. ಟಿಎಸ್‌ಸಿ ಆದರೆ ಸಿಪಿಯು ಒಳಗೇ ಓದಿ ಮುಗಿಯುತ್ತದೆ. ಪಿಎಂ ಟೈಮರ್‌ಗಾದರೆ ಪ್ರತಿ ಸಲ ವಿಎಂನಿಂದ ಹೊರಬಂದು ಹೋಸ್ಟ್‌ನ ಕ್ಯೂಇಎಂಯು (ವಿಎಂನ ಹಾರ್ಡ್‌ವೇರ್ ಅನುಕರಿಸುವ ಪ್ರೋಗ್ರಾಂ) ತನಕ ಹೋಗಬೇಕು. ಟಿಸಿಪಿ ಪದೇ ಪದೇ ಟೈಮ್ ಕೇಳುತ್ತದೆ, ಅಲ್ವಾ? ಪ್ಯಾಕೆಟ್ ಹಿಡಿದು ನೋಡುವ ಟಿಸಿಪಿಡಂಪ್ ಹಾಕಿದರಂತೂ ಇನ್ನೂ ನಿಧಾನ, ಪ್ರತಿ ಪ್ಯಾಕೆಟ್‌ಗೂ ಟೈಮ್‌ಸ್ಟ್ಯಾಂಪ್ ಬೇಕಲ್ಲ.

ಕ್ಲಾಕ್‌ಸೋರ್ಸ್ (ಕರ್ನಲ್ ಟೈಮ್ ಓದುವ ಮೂಲ) ಪಟ್ಟಿಯಲ್ಲಿ ಕೆವಿಎಂ-ಕ್ಲಾಕ್, ಅಂದರೆ ವಿಎಂಗಳಿಗೆ ಕೆವಿಎಂ ಕೊಡುವ ಗಡಿಯಾರ, ಇಲ್ಲವೇ ಇಲ್ಲ. ಲಿಬ್‌ವರ್ಟ್ (ವಿಎಂ ನಿರ್ವಹಣಾ ಸಾಧನ) ಎಕ್ಸ್‌ಎಂಎಲ್‌ನಲ್ಲಿ, ಅಂದರೆ ವಿಎಂ ಸೆಟ್ಟಿಂಗ್ ಫೈಲ್‌ನಲ್ಲಿ, ಯಾರೋ ಅದನ್ನು ಆಫ್ ಮಾಡಿದ್ದಾರೆ. ಯಾಕೆ ಅಂತ ಬರೆದಿಟ್ಟಿಲ್ಲ! ಅದನ್ನು ಆನ್ ಮಾಡಿ, ವಿಎಂ ಪೂರ್ತಿ ಶಟ್‌ಡೌನ್ ಮಾಡಿ ಎಬ್ಬಿಸಿದರೆ ಸಾಕಾ? ಒಳಗೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದೆ, ಡೌನ್‌ಟೈಮ್ ಕೇಳಿದರೆ ಸುಮ್ನೆ ಕೊಡುವುದಿಲ್ಲ. ಎರಡು ಹೋಸ್ಟ್‌ಗಳ ಸಿಪಿಯು ಫ್ರೀಕ್ವೆನ್ಸಿ ಬೇರೆ ಬೇರೆ. ಮುಂದೆ ಮತ್ತೆ ಮೈಗ್ರೇಟ್ ಮಾಡಿದರೆ ಕೆವಿಎಂ-ಕ್ಲಾಕ್ ತಡೆದುಕೊಳ್ಳುತ್ತದಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.