ಟ್ರಸ್ಟಿ ಆಗಿ ಅಂತ ಕರೀತಿದ್ದಾರೆ, ಒಪ್ಕೊಳ್ಳಲಾ?

ನಾನು ತಿಪಟೂರು ಕಡೆಯವಳು. ಹೈಸ್ಕೂಲ್ ಟೀಚರ್ ಆಗಿದ್ದು ಹೋದ ವರ್ಷ ನಿವೃತ್ತಿ ಆಯ್ತು. ನಮ್ಮೂರಲ್ಲಿ ಒಂದು ಸಣ್ಣ ಆರೋಗ್ಯ ಟ್ರಸ್ಟ್ ಇದೆ. ವಾರಕ್ಕೆ ಮೂರು ದಿನ ಕ್ಲಿನಿಕ್, ಒಂದು ಆಂಬುಲೆನ್ಸ್, ಬಡವರಿಗೆ ಔಷಧಿ, ಆಪರೇಷನ್ ಖರ್ಚಿಗೆ ಒಂದಿಷ್ಟು ಸಹಾಯ. ಟ್ರಸ್ಟಿ ಒಬ್ಬರು ತೀರಿಕೊಂಡರು, ಆ ಜಾಗಕ್ಕೆ ನನ್ನನ್ನ ಕರೆದಿದ್ದಾರೆ. "ಏನೂ ಕೆಲಸ ಇಲ್ಲ ಮೇಡಂ, ವರ್ಷಕ್ಕೆ ಎರಡು ಮೀಟಿಂಗು, ಸಹಿ ಹಾಕಿದ್ರೆ ಸಾಕು" ಅಂದರು. ಸಂಬಳ ಇಲ್ಲ ಅನ್ನೋದು ಸರಿ, ಆದರೆ ಆ "ಸಹಿ ಹಾಕಿದ್ರೆ ಸಾಕು" ಅನ್ನೋ ಮಾತಿಗೇ ಹೆದರಿಕೆ ಆಗ್ತಿದೆ. ಟ್ರಸ್ಟಿ ಆಗಿದ್ದವರು ನಿಮ್ಮ ಅನುಭವ ಹೇಳಿ.

ಸಾಗರ, ಬ್ಯಾಂಕಿನಿಂದ ನಿವೃತ್ತ

ಮೇಡಂ, ನಿಮ್ಮ ಹೆದರಿಕೆ ಸರಿಯಾದ ಜಾಗದಲ್ಲೇ ಇದೆ. ನಾನು ಇಂಥದೇ ಒಂದು ಟ್ರಸ್ಟಿನಲ್ಲಿ ಹನ್ನೊಂದು ವರ್ಷ ಖಜಾಂಚಿಯಾಗಿದ್ದೆ.

ಮೊದಲು ಟ್ರಸ್ಟ್ ಡೀಡ್, ಅಂದರೆ ಟ್ರಸ್ಟ್ ಕಟ್ಟಿದಾಗ ಬರೆದ ಪತ್ರ, ಓದಿ. ಯಾರೋ ಹೇಳಿದ ಸಾರಾಂಶ ಬೇಡ, ನೋಂದಣಿಯಾದ ಪ್ರತಿಯನ್ನೇ ಓದಿ. ಹೊಸ ಟ್ರಸ್ಟಿಯನ್ನು ಯಾರು ನೇಮಿಸಬೇಕು, ಎಷ್ಟು ಜನ ಇರಬೇಕು, ಕೋರಂ (ಮೀಟಿಂಗಿಗೆ ಕನಿಷ್ಠ ಬೇಕಾದ ಹಾಜರಿ) ಎಷ್ಟು, ಎಲ್ಲ ಅದರಲ್ಲೇ ಇರುತ್ತೆ. ಡೀಡ್ ಬಿಟ್ಟು ಬಾಯಿಮಾತಲ್ಲಿ ಸೇರಿಸಿಕೊಂಡರೆ ನಾಳೆ ನಿಮ್ಮ ಸಹಿಗೇ ಬೆಲೆ ಇರೋದಿಲ್ಲ. ಆಮೇಲೆ ಮೂರು ವರ್ಷದ ಆಡಿಟ್ ವರದಿ, ನಡಾವಳಿ ಪುಸ್ತಕ (ಮೀಟಿಂಗಿನ ತೀರ್ಮಾನ ಬರೆದಿಡೋದು), ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿ. ಕೊಡೋಕೆ ಮುಖ ಸಿಂಡರಿಸಿದರೆ ಅಲ್ಲಿಂದಲೇ ನಮಸ್ಕಾರ ಹೇಳಿ ಬನ್ನಿ.

ನನ್ನ ಕಥೆ ಕೇಳಿ. ಚೆಕ್ಕಿಗೆ ಇಬ್ಬರ ಸಹಿ ಬೇಕಿತ್ತು. ಅಧ್ಯಕ್ಷರಿಗೆ ಊರೂರು ಓಡಾಟ, ಹಾಗಾಗಿ ಹತ್ತು ಚೆಕ್ಕಿಗೆ ಖಾಲಿಯಾಗೇ ಸಹಿ ಹಾಕಿ ನನ್ನ ಕೈಗೆ ಕೊಟ್ಟು ಹೋಗುತ್ತಿದ್ದರು. ಮೂವತ್ತು ವರ್ಷ ಬ್ಯಾಂಕಲ್ಲಿ ಇದ್ದವನು ನಾನು, ಒಂದು ವರ್ಷ ಅದನ್ನು ಒಪ್ಪಿಕೊಂಡೇ ಇದ್ದೆ. ನಂಬಿಕೆ ಅಂತ ಹೆಸರು ಕೊಟ್ಟರೆ ಎಂಥದೂ ನಡೆಯುತ್ತೆ. ಎರಡನೇ ವರ್ಷ ಬಿಲ್ ಜೋಡಿಸುವಾಗ ಗೊತ್ತಾಯ್ತು, ಔಷಧಿ ಪೂರ್ತಿ ಒಬ್ಬರೇ ಟ್ರಸ್ಟಿಯ ಅಳಿಯನ ಮೆಡಿಕಲ್ ಶಾಪಿನಿಂದ, ಎಂಆರ್‌ಪಿ ದರಕ್ಕೇ ಬರ್ತಿತ್ತು. ಕಳ್ಳತನ ಅನ್ನೋಕಾಗಲ್ಲ, ಬಿಲ್ಲೆಲ್ಲ ಸರಿಯಾಗೇ ಇತ್ತು. ಆದರೆ ಟ್ರಸ್ಟಿನ ಹಣದಿಂದ ಟ್ರಸ್ಟಿಗಾಗಲಿ ಅವರ ನೆಂಟರಿಗಾಗಲಿ ಹೆಚ್ಚುವರಿ ಲಾಭ ಹೋದರೆ ತೆರಿಗೆ ವಿನಾಯಿತಿಗೇ ಕುತ್ತು. ಮೂರು ಕಡೆ ಕೊಟೇಶನ್ ತರಿಸೋಣ ಅಂದೆ. ತರಿಸಿದೆವು, ಅಂಗಡಿ ಬದಲಾಯ್ತು. ಆ ಟ್ರಸ್ಟಿ ಆರು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆ ಬಿಟ್ಟು ಎದ್ದು ಹೋದರು. ಸಣ್ಣ ಊರಲ್ಲಿ ಟ್ರಸ್ಟಿ ಆಗೋದು ಅಂದರೆ ಇದೂ ಸೇರಿ.

ಲೆಕ್ಕದ ವಿಷಯ ಚುಟುಕಾಗಿ ಹೇಳ್ತೀನಿ. ತೆರಿಗೆ ವಿನಾಯಿತಿ ಉಳಿಯಬೇಕಾದರೆ ವರ್ಷದ ಆದಾಯದಲ್ಲಿ ಶೇ. 85ರಷ್ಟನ್ನು ಟ್ರಸ್ಟಿನ ಉದ್ದೇಶಕ್ಕೇ ಖರ್ಚು ಮಾಡಬೇಕು. ಮುಂದೆ ಕಟ್ಟಡಕ್ಕೆ ಅಂತ ಕೂಡಿಡೋದಾದರೆ ಮೊದಲೇ ಆದಾಯ ತೆರಿಗೆ ಇಲಾಖೆಗೆ ತಿಳಿಸುವ ಕ್ರಮ ಇದೆ. 2,000 ರೂಪಾಯಿ ಮೀರಿದ ನಗದು ದಾನಕ್ಕೆ ದಾನಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ (ನಾವು 80ಜಿ ಅಂತಿದ್ದೆವು) ಸಿಗಲ್ಲ. ದಾನಿಗಳ ಪಟ್ಟಿ ಮೇ 31ರೊಳಗೆ ಹೋಗಬೇಕು (ಆ ಫಾರಂಗೆ ನಾವು 10ಬಿಡಿ ಅಂತಿದ್ದೆವು), ತಡವಾದರೆ ದಿನಕ್ಕೆ 200 ರೂಪಾಯಿ ದಂಡ. ಒಂದು ವರ್ಷ ನಾವು ರಸೀದಿಯಲ್ಲಿ ಪ್ಯಾನ್ ನಂಬರ್ ಬರೆಸಿಕೊಳ್ಳದೆ ಮೇ ತಿಂಗಳಿಡೀ ದಾನಿಗಳ ಮನೆಮನೆ ಸುತ್ತಿದ್ದೆವು. ಇದೆಲ್ಲ ಆಡಿಟರ್ ಕೆಲಸ ಅಂತಾರೆ. ಮಾಡೋದು ಆಡಿಟರ್, ಆಯ್ತಾ ಅಂತ ಕೇಳಬೇಕಾದವರು ನೀವು.

ಹುಬ್ಬಳ್ಳಿ, ನರ್ಸ್

ಅಕ್ಕಾರ, ನಾ ಟ್ರಸ್ಟಿ ಅಲ್ರಿ. ಟ್ರಸ್ಟಿನವರ ದವಾಖಾನ್ಯಾಗ ಒಂಬತ್ತು ವರ್ಷ ಕೆಲಸ ಮಾಡಿದಾಕಿ. ಒಳಗಿಂದ ನೋಡಿದ್ದು ಹೇಳ್ತೀನಿ.

ಟ್ರಸ್ಟಿಗಳು ಎರಡು ನಮೂನಿ ಇರ್ತಾರ. ಒಬ್ಬರು ಶಿಬಿರದ ದಿವಸ ಶಾಲು, ಹಾರ, ಫೋಟೋಕ್ಕ ಅಷ್ಟ ಬರೋರು. ಇನ್ನೊಬ್ಬರು ದಿನಾ ಬಂದು ಕೈ ಹಾಕೋರು. ಪಾಳಿ ಬಿಟ್ಟು ತಮ್ಮ ಮಂದಿನ ಒಳಗ ಕಳಸೋದು, "ಇವರಿಗೆ ಒಂದು ಸಲಾಯಿನ್ ಹಚ್ರಿ" ಅಂತ ಡಾಕ್ಟರ್ ಮುಂದನ ಹೇಳೋದು. ಒಬ್ಬರಂತೂ ರೋಗಿ ಹೆಸರು, ರೋಗ ಎಲ್ಲಾ ಬರದು ಫೋಟೋ ಸಮೇತ ವಾಟ್ಸಾಪಿಗೆ ಹಾಕಿದ್ರು. ಆ ಹುಡುಗಿಗೆ ಟಿಬಿ ಇತ್ತು, ಮದುವಿ ಮಾತುಕತಿ ನಡದಿತ್ತು. ಆ ಮ್ಯಾಲ ಆಕಿ ಗುಳಿಗಿ ತಗೊಳಾಕ ಸುದ್ದಾ ನಮ್ಮ ಕಡೆ ಬರಲಿಲ್ಲ.

ಕಸದ ಕಡೆನೂ ನೋಡ್ರಿ. ಸೂಜಿ, ಹತ್ತಿ, ಸಿರಿಂಜ್ ಬ್ಯಾರೆ ಬ್ಯಾರೆ ಬಣ್ಣದ ಡಬ್ಬಿ, ಚೀಲದಾಗ ಹಾಕಬೇಕು, 48 ತಾಸಿನ ಮ್ಯಾಲ ಇಟ್ಕೋಬಾರದು ಅಂತ 2016ರ ನಿಯಮ ಐತಿ. ನಮ್ಮಲ್ಲೆ ಕಸ ಒಯ್ಯೋ ಗಾಡಿಯವರ ಬಿಲ್ ಉಳಸಾಕ ಹಿತ್ತಲದಾಗ ಸುಡಸ್ತಿದ್ರು. ಮೀಟಿಂಗಿನ್ಯಾಗ ಅದನ್ನ ಯಾರೂ ಕೇಳಲಿಲ್ಲ, ಯಾಕಂದ್ರ ಹಿತ್ತಲಕ್ಕ ಯಾರೂ ಬರ್ತಿರಲಿಲ್ಲ. ಔಷಧ ಕಂಪನಿಯವರು ಕೊಟ್ಟ ಸ್ಯಾಂಪಲ್ ಗುಳಿಗಿಗೂ ಎಕ್ಸ್‌ಪೈರಿ ಇರ್ತಾವ್ರಿ, ಕಪಾಟ ತಗದು ನೋಡ್ರಿ.

ಛಲೋ ಟ್ರಸ್ಟಿ ಒಬ್ಬರಿದ್ರು, ಕಿರಾಣಿ ವ್ಯಾಪಾರಿ. ತಿಂಗಳಿಗೆ ಒಮ್ಮೆ ಬಂದು ರೋಗಿಗಳ ಬಾಕಿನ ಮ್ಯಾಲ ಒಂದು ತಾಸು ಸುಮ್ನ ಕುಂಡ್ರೋರು. ಹೋಗುಮುಂದ ನನಗ ಒಂದ ಮಾತು ಕೇಳೋರು: "ಪಗಾರ ಒಂದನೇ ತಾರೀಕಿಗೆ ಆತೇನವಾ?"

ಕುಂದಾಪುರ

ಸಾಗರದವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ, ವಿದೇಶದ ಹಣ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಒಬ್ಬರು ಹೊರದೇಶದಲ್ಲಿ ಇದ್ದಾರೆ. ಆಂಬುಲೆನ್ಸಿಗೆ ಅಂತ ಅಮೆರಿಕದಲ್ಲಿರುವ ಊರಿನವರೊಬ್ಬರು ಹಣ ಕಳಿಸಿಯೇಬಿಟ್ಟರು. ಎಲ್ಲರಿಗೂ ಖುಷಿ. ಆಮೇಲೆ ಗೊತ್ತಾಯ್ತು, ಅವರು ಅಲ್ಲಿಯ ಪೌರತ್ವ ತೆಗೆದುಕೊಂಡು ವರ್ಷಗಳಾಗಿವೆ. ಭಾರತದ ಪಾಸ್‌ಪೋರ್ಟ್ ಇರುವವರು ಅಲ್ಲಿ ದುಡಿದ ಸ್ವಂತ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಪೌರತ್ವ ಬದಲಾಗಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ ವಿದೇಶಿ ದೇಣಿಗೆಯೇ ಆಗುತ್ತದೆ. ಅದಕ್ಕೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ಅನುಮತಿ ಬೇಕು, ಹಣವೂ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನಮ್ಮ ಹತ್ತಿರ ಎರಡೂ ಇರಲಿಲ್ಲ. ನೆಂಟರ ಹತ್ತಿರ "ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು?" ಅಂತ ಕೇಳಲು ಮುಜುಗರವೇ. ಈಗ ರಸೀದಿ ಬರೆಯುವ ಮೊದಲು ಕೇಳುತ್ತೇವೆ.

ಚಾಮರಾಜನಗರ

ಎಲ್ಲರೂ ಸೇರಿ ಟೀಚರ್‌ನ ಓಡಿಸಿಬಿಡ್ತೀರಿ! ನಾನೇ ಒಂದು ಸಣ್ಣ ಟ್ರಸ್ಟ್ ಶುರು ಮಾಡಿದವನು. ಟ್ರಸ್ಟಿ ಆಗಿ ಅಂದರೆ ಜನ ಬಾಗಿಲು ಹಾಕ್ಕೊಳ್ತಾರೆ. ಲೆಕ್ಕ ನೋಡೋದು ಬೇಕು, ಒಪ್ತೀನಿ, ಆದರೆ ಬಂದ ದಿನವೇ ಇನ್‌ಸ್ಪೆಕ್ಟರ್ ಥರ ಕೂತರೆ ಇರೋ ನಾಲ್ಕು ಜನವೂ ಬಿಟ್ಟು ಹೋಗ್ತಾರೆ.

ಒಂದು ಕೆಲಸ ಮಾತ್ರ ಮೊದಲ ದಿನದಿಂದಲೇ ಮಾಡಿ. ಆಪರೇಷನ್ನಿಗೆ ಸಹಾಯ ಕೇಳಿ ಅರ್ಜಿ ಬಂದ ಕೂಡಲೇ ಚೆಕ್ ಬರೀಬೇಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅನ್ನೋ ಸರ್ಕಾರಿ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ತುರ್ತು ಬಿಟ್ಟರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಎಷ್ಟೋ ಜನಕ್ಕೆ ಆ ಚೀಟಿ ಎಲ್ಲಿ ಸಿಗುತ್ತೆ ಅಂತಾನೇ ಗೊತ್ತಿರಲ್ಲ. ನಮ್ಮ ದುಡ್ಡು ಈಗ ಬಸ್ ಚಾರ್ಜು, ಜೊತೆಗಿರೋರ ಊಟ, ಯೋಜನೆಗೆ ಬರದ ಔಷಧಿಗೆ ಹೋಗ್ತಿದೆ. ಅಷ್ಟೇ ಹಣ, ಜಾಸ್ತಿ ಜನಕ್ಕೆ.

ಪ್ರಶ್ನೆ ಕೇಳಿದ ಟೀಚರ್

ಎಲ್ಲರಿಗೂ ಥ್ಯಾಂಕ್ಸ್. ಒಂದು ಅನುಮಾನ. ಮೀಟಿಂಗಲ್ಲಿ ಉಳಿದವರೆಲ್ಲ ತಪ್ಪು ತೀರ್ಮಾನ ಮಾಡಿದರೆ ನನ್ನ ತಲೆ ಮೇಲೂ ಬರುತ್ತಾ?

ಸಾಗರ

ಬರಬಹುದು. ಟ್ರಸ್ಟಿನ ಹಣಕ್ಕೆ ನಷ್ಟವಾದರೆ, ಗೊತ್ತಿದ್ದೂ ಸುಮ್ಮನಿದ್ದ ಟ್ರಸ್ಟಿಯನ್ನೂ ಕೋರ್ಟು ಕೇಳುತ್ತೆ. ಒಪ್ಪಿಗೆ ಇಲ್ಲದಿದ್ದರೆ ಅದನ್ನು ನಡಾವಳಿಯಲ್ಲಿ ಬರೆಸಿ, ಬರೆದದ್ದನ್ನು ಓದಿ ಆಮೇಲೆ ಸಹಿ ಹಾಕಿ. ಕಾಫಿ ಕುಡಿಯುವಾಗ ಹೇಳಿದ ಅಸಮ್ಮತಿ ಲೆಕ್ಕಕ್ಕಿಲ್ಲ. ಚಾಮರಾಜನಗರದವರ ಮಾತೂ ನಿಜ, ನಾನು ಮೊದಲ ವರ್ಷ ಸುಮ್ಮನಿದ್ದು ಎರಡನೇ ವರ್ಷ ಒಮ್ಮೆಲೇ ಹಾರಾಡಿದ್ದು ತಪ್ಪು.

ಟೀಚರ್, ಹದಿನೈದು ದಿನದ ಮೇಲೆ

ಡೀಡ್ ಕೇಳಿದೆ. ಅಧ್ಯಕ್ಷರು ಬೇಜಾರೇನೂ ಮಾಡ್ಕೊಳ್ಳಲಿಲ್ಲ, ಆದರೆ ಅದು ಎಲ್ಲಿದೆ ಅಂತ ಅವರಿಗೇ ಗೊತ್ತಿರಲಿಲ್ಲ. ಇಬ್ಬರೂ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ನಕಲು ತಗೊಂಡ್ವಿ. ಅದರ ಪ್ರಕಾರ ಕಡಿಮೆ ಅಂದ್ರೂ ಏಳು ಜನ ಟ್ರಸ್ಟಿಗಳು ಇರಬೇಕು. ಈಗ ಇರೋದು ನಾಲ್ಕು, ನಾನು ಸೇರಿದರೆ ಐದು. "ಇನ್ನಿಬ್ಬರನ್ನ ಹುಡುಕೋಣ, ಮೂವರನ್ನೂ ಒಂದೇ ಮೀಟಿಂಗಲ್ಲಿ ಸೇರಿಸ್ಕೊಳ್ಳಿ" ಅಂದಿದ್ದೀನಿ. ನಿನ್ನೆ ಕ್ಲಿನಿಕ್ಕಿಗೆ ಹೋಗಿ ಬೆಂಚಿನ ಮೇಲೆ ಒಂದು ಗಂಟೆ ಕೂತಿದ್ದೆ, ಹಿತ್ತಲಿಗೂ ಹೋಗಿ ಬಂದೆ. ತಿಪಟೂರು, ತುರುವೇಕೆರೆ ಕಡೆ ಲೆಕ್ಕ ಗೊತ್ತಿರೋರು ಯಾರಾದ್ರೂ ಇದ್ದರೆ ಹೇಳಿ.